ಹಾಡಿನ ಕೆಳಗೆ ಹೋದ ದನಿ

ಬ್ಯಾಡಗಿಯಲ್ಲಿ ಬಸ್ಸಿಳಿದ ಮೊದಲ ದಿನ ಊರಿಗೆ ಊರೇ ಕೆಮ್ಮುತ್ತಿತ್ತು. ಕಂಡಕ್ಟರು ಕೆಮ್ಮಿದ, ಚಹಾದಂಗಡಿಯವ ಸೀನಿದ, ಎದುರು ಬಂದ ಹೆಂಗಸರು ಸೆರಗನ್ನು ಮೂಗಿಗೆ ಒತ್ತಿಕೊಂಡು ನಗುತ್ತಲೇ ಮಾತಾಡಿಕೊಂಡು ಹೋದರು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಏನೋ ಅನಾಹುತವಾಗಿದೆ ಎಂದು ಅಲ್ಲೇ ನಿಂತುಬಿಟ್ಟೆ. ಅಲ್ಲಿ ಮದುವೆಯೊಂದರ ಚಿತ್ರೀಕರಣಕ್ಕೆ ಬಂದಿದ್ದು, ನನ್ನನ್ನು ರಾಣೇಬೆನ್ನೂರಿಗೆ ಕರೆದೊಯ್ಯಲಿದ್ದ ಸ್ಟುಡಿಯೋ ಮಾಲೀಕ ವಿರೂಪಾಕ್ಷಪ್ಪನವರು ಬೆನ್ನು ತಟ್ಟಿದರು.

"ಏನೂ ಆಗಿಲ್ರಿ ಸರ, ಇವತ್ತ ಮೆಣಸಿನಕಾಯಿ ಮಾರ್ಕೆಟ್ ದಿನ. ನಿಮ್ಮ ಮೈಸೂರಾಗ ಮಲ್ಲಿಗಿ ಗಾಳಿ ಬೀಸ್ತೈತಿ, ನಮ್ಮಲ್ಲಿ ಇದ!"

ನಾನು ಮೈಸೂರಿನವನಲ್ಲ, ಮದ್ದೂರಿನ ಕಡೆಯವನು. ಆದರೆ ಇಲ್ಲಿಯವರಿಗೆ ದಾವಣಗೆರೆ ದಾಟಿದ ಮೇಲೆ ಎಲ್ಲವೂ ಮೈಸೂರೇ. ಊರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಸ್ಟುಡಿಯೋ ಮುಚ್ಚಿತು. ಎಸ್ಸೆಸ್ಸೆಲ್ಸಿ ಓದಿದವನಿಗೆ, ಅದೂ ಐವತ್ತು ದಾಟಿದವನಿಗೆ, ಬೇರೆ ಕೆಲಸ ಯಾರು ಕೊಡುತ್ತಾರೆ? ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಹೆಂಡತಿ ನಾಗುವನ್ನು ಕರೆದುಕೊಂಡು ರಾಣೇಬೆನ್ನೂರಿಗೆ ಮದುವೆ ವಿಡಿಯೋ ಮಿಕ್ಸಿಂಗ್ ಮಾಡಲು ಬಂದೆ. ನಮ್ಮ ಕಡೆ ಇದೇ ಕೆಲಸ ಮಾಡುವವರು ಈಗಲೂ ಫೋನಿನಲ್ಲಿ ಕೇಳುತ್ತಾರೆ: ಯಾವ ಕಂಪ್ಯೂಟರ್ ತಗೊಳ್ಳಲಿ, ಎಷ್ಟು ದೊಡ್ಡ ಹಾರ್ಡ್ ಡಿಸ್ಕ್ ಬೇಕು, ಕೆಲಸ ಬೇಗ ಮುಗಿಸುವುದು ಹೇಗೆ ಎಂದು. ಅವರಿಗೆ ಹೇಳಬೇಕಾದದ್ದನ್ನೇ ಬರೆಯುತ್ತಿದ್ದೇನೆ. ನನ್ನ ಪಾಪವನ್ನು ಬಿಟ್ಟು ಹೇಳಲು ಮಾತ್ರ ಬರುವುದಿಲ್ಲ.

ಹೊಸ ಊರನ್ನು ಮೊದಲು ಕಲಿತದ್ದು ಹೊಟ್ಟೆ. ನಾಗು ರಾಗಿ ಹಿಟ್ಟು ಕೇಳಿದಾಗ ಕಿರಾಣಿ ಅಂಗಡಿಯವರು, "ಯಾರಿಗೆ ಆರಾಮಿಲ್ರೀ ಅಕ್ಕಾರ?" ಎಂದು ಕಾಳಜಿಯಿಂದ ಕೇಳಿದರು. ನಮ್ಮಲ್ಲಿ ಗಟ್ಟಿ ಆಳು ಉಣ್ಣುವ ಮುದ್ದೆ ಇಲ್ಲಿ ಕಾಯಿಲೆಯವರ ಗಂಜಿ. ಮನೆಯೊಡತಿ ನಾಗುವನ್ನು ಒಲೆಯ ಮುಂದೆ ಕೂರಿಸಿಕೊಂಡು ರೊಟ್ಟಿ ಬಡಿಯಲು ಕಲಿಸಿದರು. ಮೊದಲ ರೊಟ್ಟಿ ನೋಡಿ, "ಇದೇನ ನಕಾಶೆ ತಗದೀಯವಾ?" ಎಂದು ನಕ್ಕರು. ಮೂರ್ನಾಲ್ಕು ತಿಂಗಳಲ್ಲಿ ಓಣಿಯ ಹೆಂಗಸರು ನಾಗುವನ್ನು ಹೆಸರು ಹಿಡಿದು ಕರೆಯತೊಡಗಿದರು. ನಾನು ಸ್ಟುಡಿಯೋದ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಾನಿಟರಿನ ಮುಂದೆ ಕೂತಿರುತ್ತಿದ್ದೆ. ಈ ನೆಲದ ಜನರನ್ನು ನಾನು ನೋಡಿದ್ದು ಹೆಚ್ಚಾಗಿ ಆ ಗಾಜಿನಲ್ಲೇ.

ಸಲಕರಣೆಯ ಮಾತು. ಇಲ್ಲಿ ಸುಗ್ಗಿಯ ಕಾಲದಲ್ಲಿ ಮೆಣಸಿನಕಾಯಿ ಧೂಳು ಕ್ಯಾಮೆರಾದೊಳಗೂ ಹೋಗುತ್ತದೆ. ಕ್ಯಾಸೆಟ್ ಓಡುವ ಹೆಡ್ಡಿನ ಮೇಲೆ ಕೂತರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಬಾಯಿಂದ ಊದಬೇಡಿ, ಉಗುಳು ಬಿದ್ದು ಇನ್ನೂ ಕೆಡುತ್ತದೆ. ಹೆಡ್ಡು ತೊಳೆಯುವ ಕ್ಯಾಸೆಟ್ಟನ್ನೇ ಹಾಕಿ. ಕಂಪ್ಯೂಟರಿಗೆ ಬಟ್ಟೆ ಹೊದಿಸುವುದು ಕೆಲಸ ಮುಗಿದ ಮೇಲೆ ಮಾತ್ರ, ನಡೆಯುವಾಗ ಹೊದಿಸಿದರೆ ಕಾದು ನಿಲ್ಲುತ್ತದೆ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಬ್ಯಾಟರಿ ನಂಬಬೇಡಿ, ಮಾಡಿದ್ದನ್ನು ಆಗಾಗ ಸೇವ್ ಮಾಡಿ. ಇದೆಲ್ಲ ನಾನು ಸರಿಯಾಗಿಯೇ ಮಾಡಿದೆ. ಯಂತ್ರದ ವಿಷಯದಲ್ಲಿ ನನ್ನ ಮೇಲೆ ಯಾರೂ ದೂರು ಹೇಳಿಲ್ಲ.

ತಪ್ಪಿದ್ದು ಆಯೇರಿಯಲ್ಲಿ. ಆಯೇರಿ ಎಂದರೆ ನಮ್ಮ ಮುಯ್ಯಿ. ನಮ್ಮಲ್ಲಿ ಸಾಲಾಗಿ ನಿಂತು ಲಕೋಟೆ ಕೊಟ್ಟು, ಫೋಟೋಗೆ ನಕ್ಕು, ಊಟಕ್ಕೆ ನಡೆಯುತ್ತೇವೆ. ಇಲ್ಲಿ ಮನೆಯವರೊಬ್ಬರು ಮೈಕು ಹಿಡಿದು ಯಾವ ಊರಿನ ಯಾರು, ಏನಾಗಬೇಕು, ಏನು ತಂದಿದ್ದಾರೆ ಎಂದು ಕೂಗುತ್ತಾರೆ. ಸೀರೆ, ಧೋತರ, ರುಮಾಲು ಕೊಡುತ್ತ ತೊಡಿಸುತ್ತ ಅದು ಗಂಟೆಗಟ್ಟಲೆ ನಡೆಯುತ್ತದೆ. ನನಗೆ ಅದು ಬರೀ ಗದ್ದಲವಾಗಿ ಕೇಳುತ್ತಿತ್ತು. ಬೇಜಾರಿನ ಭಾಗ ಎಂದು ಕತ್ತರಿಸಿ ಚಿಕ್ಕದು ಮಾಡಿ, ಮೂಲ ಶಬ್ದ ತೆಗೆದುಹಾಕಿ, ಮೇಲೆ ಸಿನಿಮಾ ಹಾಡು ಹಾಕುತ್ತಿದ್ದೆ. ನಮ್ಮ ಕಡೆ ಹಾಗೆ ಮಾಡಿಯೇ ನಾನು ಹೆಸರು ಪಡೆದಿದ್ದೆ.

ಕುಪ್ಪೇಲೂರಿನ ಫಕ್ಕೀರಪ್ಪನವರ ಮಗಳ ಮದುವೆ ಹಾವೇರಿಯ ಕಲ್ಯಾಣ ಮಂಟಪದಲ್ಲಿ ಆಯಿತು. ಸಿ.ಡಿ. ಕೊಟ್ಟ ಮರುವಾರವೇ ಅವರು ಹೆಂಡತಿ ಗೌರವ್ವನ ಜೊತೆ ಸ್ಟುಡಿಯೋಕ್ಕೆ ಬಂದರು. ಸಿಟ್ಟಿರಲಿಲ್ಲ.

"ಸರ, ಆಯೇರಿ ಕೂಗಿದವ ನಾನು. ನನ್ನ ಬಾಯಾಗ ಯಾವ್ದೋ ಹುಡುಗಿ ಹಾಡಾಕತ್ತಾಳಲ್ರಿ!"

ಗೌರವ್ವ ಸೆರಗು ಬಾಯಿಗೆ ಹಿಡಿದು ನಕ್ಕರು. "ನಿಮ್ಮ ದನೀಕಿಂತ ಅಕೀದ ಚಲೋ ಐತಿ, ಬಿಡ್ರಿ."

"ಏ, ಹಾಡು ಎಲ್ಲಿ ಬೇಕಾದ್ರೂ ಸಿಗ್ತೈತಿ. ಮಂದಿ ಹೆಸರು ಕೇಳಬೇಕಲಾ? ಹಾಕಿ ಕೊಡ್ರಿ ಸರ."

"ಆಯ್ತು, ಹಾಕ್ಕೊಡ್ತೀನಿ, ಸೀಸನ್ ಮುಗೀಲಿ" ಎಂದೆ. ಸೀಸನ್ ಮುಗಿಯಿತು. ನಾನು ಮಾಡಲಿಲ್ಲ. ಹಾರ್ಡ್ ಡಿಸ್ಕ್ ತುಂಬಿದಾಗ ಆ ಮದುವೆಯ ಕೆಲಸವನ್ನು ಅಳಿಸಿದೆ. ಮೂಲ ಕ್ಯಾಸೆಟ್ಟುಗಳನ್ನು ಬೇರೆ ಮದುವೆಗೆ ಹೋಗುವ ಕ್ಯಾಮೆರಾದವರ ಕೈಗೆ ನಾನೇ ಕೊಟ್ಟೆ. ಮಾಲೀಕರು ಹೇಳಿರಲಿಲ್ಲ. ಹೊಸ ಕ್ಯಾಸೆಟ್ ತರಲು ಅಂಗಡಿಗೆ ಹೋಗಲು ಸೋಮಾರಿತನ, ಅಷ್ಟೇ.

ಮುಂದಿನ ವರ್ಷ ಫಕ್ಕೀರಪ್ಪನವರು ಎದೆನೋವಿನಿಂದ ತೀರಿಕೊಂಡರು. ಕೆಲವು ದಿನಗಳ ನಂತರ ಗೌರವ್ವ ಒಬ್ಬರೇ ಬಂದು ಬೆಂಚಿನ ಮೇಲೆ ಕೂತರು.

"ಅಣ್ಣಾರ, ಸಿ.ಡಿ. ಹಚ್ಚಿದ್ನಿರಿ. ಬಾಯಿ ಅಷ್ಟ ಆಡತೈತಿ. ಅವರ ದನಿ ಎಲ್ಲೈತ್ರಿ?"

ಆಗಲೇ ಹೇಳಬೇಕಿತ್ತು. "ಹುಡುಕ್ತೀನಮ್ಮ" ಎಂದೆ. ಅವರು ಸಂತೆಗೆ ಬಂದಾಗಲೆಲ್ಲ ಒಳಗೆ ಬರುತ್ತಿದ್ದರು. ಒಮ್ಮೆ ಯಂತ್ರ ರಿಪೇರಿಗೆ ಹೋಗಿದೆ ಎಂದೆ, ಒಮ್ಮೆ ಕ್ಯಾಸೆಟ್ ಹುಬ್ಬಳ್ಳಿಯಲ್ಲಿದೆ ಎಂದೆ. ಅವರು ನಂಬುತ್ತಿದ್ದರು. ಬರುವಾಗ ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು. "ನಮ್ಮಣ್ಣ ಹುಡುಕಾಕತ್ತಾನ" ಎಂದು ಬಾಗಿಲಲ್ಲಿ ಯಾರಿಗೋ ಹೇಳುವುದು ಕೇಳಿಸುತ್ತಿತ್ತು. ಈ ಊರಿನಲ್ಲಿ ನನ್ನನ್ನು ಅಣ್ಣ ಎಂದು ಕರೆದದ್ದು ಅವರೊಬ್ಬರೇ. ಆ ಕರೆ ತಪ್ಪಿಹೋದೀತೆಂಬ ಅಂಜಿಕೆಯೂ ನನ್ನ ಸುಳ್ಳಿನಲ್ಲಿತ್ತು.

ಕೊನೆಗೆ ನಾಗುವಿಗೆ ಗೊತ್ತಾಯಿತು. "ಅವರ ರೊಟ್ಟಿ ಹೆಂಗ್ರೀ ಗಂಟಲಲ್ಲಿ ಇಳಿಯುತ್ತೆ ನಿಮಗೆ?" ಎಂದಳು. ಮುಂದಿನ ಸಲ ಗೌರವ್ವ ಬಂದಾಗ ಒಳಕೋಣೆಗೆ ಕರೆದು ಎಲ್ಲವನ್ನೂ ಹೇಳಿದೆ. ಅಳಿಸಿದ್ದು ನಾನೇ, ಇನ್ನೆಲ್ಲೂ ಸಿಗುವುದಿಲ್ಲ, ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಎಂದೆ. ಅವರು ಬೈಯಲಿಲ್ಲ. ಚೀಲದಿಂದ ಮದುವೆಯ ಸಿ.ಡಿ. ತೆಗೆದು ಕೊಟ್ಟರು. "ಹಚ್ರಿ ಅದನ್ನ, ಹಾಡು ಬಂದ್ ಮಾಡ್ರಿ" ಎಂದರು.

ಶಬ್ದ ತೆಗೆದು ಆಯೇರಿಯ ಭಾಗ ಹಾಕಿದೆ. ಫಕ್ಕೀರಪ್ಪನವರು ಮೈಕು ಹಿಡಿದು ಬಾಯಿ ಆಡಿಸುತ್ತಿದ್ದರು. ಗೌರವ್ವ ಅವರ ತುಟಿ ನೋಡುತ್ತ ಜೋರಾಗಿ ಹೇಳತೊಡಗಿದರು. "ಕರ್ಜಗಿ ಮಾವ ಬಂದಾನ, ಜರದ ರುಮಾಲ ತಂದಾನ. ಅಳಿಯನ ತಲಿ ಸಣ್ಣದೈತಿ, ಎರಡು ಸುತ್ತು ಜಾಸ್ತಿ ಹಾಕ್ರಿ!" ಹೇಳಿ ತಾವೇ ನಕ್ಕರು. ನಾನು ಮೈಕು ತೆಗೆದುಕೊಂಡೆ. "ನೀವು ಹೇಳಿ, ನಾನು ಹಿಡಿದು ಸೇರಿಸ್ತೀನಿ."

"ನನ್ನ ದನಿ ಯಾಕ್ರಿ? ನಾ ಇನ್ನ ಇದ್ದೇನಲ್ಲ."

ಮುಂದಿನವರು ವೇದಿಕೆ ಹತ್ತಿದರು. ಫಕ್ಕೀರಪ್ಪನವರು ಏನೋ ಹೇಳಿದರು, ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಗೌರವ್ವ ಮಾನಿಟರಿನ ಹತ್ತಿರಕ್ಕೆ ಬಾಗಿದರು. "ಇನ್ನೊಮ್ಮೆ ಹಚ್ರಿ" ಎಂದರು. ಹಾಕಿದೆ. ಮತ್ತೆ ಹಾಕಿದೆ. "ಏನ ಅಂದ್ರೋ... ನೆನಪಾಗವಲ್ದು" ಎಂದು ಎದ್ದು ಹೊರಟರು. ಬುತ್ತಿಯ ಗಂಟು ಬಿಚ್ಚಲೇ ಇಲ್ಲ.

ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ. ಹಾಡು ಹಾಕಬೇಕಾದರೆ ಬೇರೆ ಟ್ರ್ಯಾಕಿನಲ್ಲಿ ಹಾಕಿ, ಮೂಲ ಶಬ್ದವನ್ನು ತಗ್ಗಿಸಿ, ತೆಗೆಯಬೇಡಿ. ಕತ್ತರಿ ಹಾಕುವ ಮೊದಲು ಆ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಿ. ಕ್ಯಾಸೆಟ್ಟಿನ ಬೆನ್ನಿನ ಗುಂಡಿ ಸರಿಸಿ ಬೀಗ ಹಾಕಿ, ಅದರ ಮೇಲೆ ಮತ್ತೆ ತುಂಬಲಾಗದಂತೆ. ಮನೆಯವರನ್ನು ಕೇಳದೆ ಏನನ್ನೂ ಅಳಿಸಬೇಡಿ. ಇದರಿಂದ ಯಾರಿಗೋ ಉಪಯೋಗವಾಗಬಹುದು. ಗೌರವ್ವನಿಗೆ ಆಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅಣ್ಣನ ಮೊಮ್ಮಗಳ ಮದುವೆಗೆ ಮದ್ದೂರಿಗೆ ಹೋಗಿದ್ದೆ. ಮುಯ್ಯಿಯ ಹೊತ್ತಿಗೆ ಮಾತಾಡುವವರ ದನಿ ಬಿಡಬೇಡ ಎಂದು ಕ್ಯಾಮೆರಾದವನಿಗೆ ಹೇಳಿದೆ. "ಅದನ್ನೆಲ್ಲ ಯಾರ್ ಕೇಳ್ತಾರೆ ತಾತ? ನೀವು ಆ ಕಡೆಯೋರಲ್ವಾ, ಅಲ್ಲಿ ನಡೆಯುತ್ತೇನೋ" ಎಂದ. ಅಣ್ಣನೂ ನಕ್ಕ.

ವಾಪಸು ಬಂದು ರಾಣೇಬೆನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಕುಪ್ಪೇಲೂರಿನ ಬಸ್ಸಿನ ಕಿಟಕಿಯಲ್ಲಿ ಗೌರವ್ವ ಕೂತಿದ್ದರು. ನನ್ನ ಕೈಲಿದ್ದ ಚೀಲ ನೋಡಿದರು.

"ಊರಿಂದ ಬಂದ್ರೇನ್ರಿ ಸರ?"

"ಹೌದ್ರಮ್ಮ."

"ಆರಾಮ ಅದಾರೇನ್ರಿ ನಿಮ್ಮ ಮಂದಿ?" ಎಂದರು. ಗುರುತಿನ ಪರಸ್ಥಳದವರನ್ನು ಕೇಳುವ ಹಾಗೆ, ಮರ್ಯಾದೆಯಿಂದಲೇ ಕೇಳಿದರು. "ತಿರುಗಿ ಹೋಗೂದು ಯಾವಾಗ್ರಿ?"

ನಾನು ಇಲ್ಲಿಯವನೇ ಎಂದು ಹೇಳಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಬಸ್ಸು ಹೊರಟಿತು.