ಸಿಂಥಸೈಜರಿಗೊಂದು ಬೊಟ್ಟು

ಉಡುಪಿಯ ಲೋಕನಾಥ ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ ಊರಿನ ಅಂಗಡಿಯೊಂದರಲ್ಲಿ ವಾದ್ಯ ರಿಪೇರಿ ಮಾಡುತ್ತಿದ್ದ. ೧೯೯೭ರ ಆಯುಧಪೂಜೆಯಂದು ಸ್ಕ್ರೂಡ್ರೈವರುಗಳಿಗೆ ಕುಂಕುಮ ಹಚ್ಚುತ್ತ, ಅದೇ ಭರದಲ್ಲಿ ರಿಪೇರಿಗೆ ಬಂದಿದ್ದ ಗಿರಾಕಿಗಳ ಬಿಳಿ ಸಿಂಥಸೈಜರ್ ಕೀಬೋರ್ಡಿಗೂ ಹಚ್ಚಿಬಿಟ್ಟ. ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ.

“ಅವರು ತಕರಾರು ಮಾಡಿದರೆ ನಾಳೆಯಿಂದ ನೀನು ಬರಬೇಡ” ಎಂದ ಮಾಲೀಕ.

ಬಂದವರು ಖಾಲಿ ಕುರ್ಚಿಗಳ ಮುಂದೆ ಹಾಡಿ ಅಭ್ಯಾಸವಾಗಿದ್ದ ಇಬ್ಬರು ಬ್ರಿಟಿಷ್ ಹುಡುಗರು. “ಇದೇನು ಕೆಂಪು?” ಎಂದು ಕೇಳಿದರು.

“ಒಳ್ಳೆಯದಾಗಲಿ ಅಂತ” ಎಂದ ಲೋಕನಾಥ.

ಅವರು ನಕ್ಕು ಹೊತ್ತೊಯ್ದರು. ಕೆಲಸ ಉಳಿಯಿತು.

ಎರಡು ವರ್ಷದ ಮೇಲೆ ಟೀವಿಯಲ್ಲಿ ಅವರೇ, ಟೋಕಿಯೋದ ಸಾವಿರಾರು ಜನರೆದುರು. ಸಿಂಥಸೈಜರ್ ಹೊಸದು, ಬೊಟ್ಟು ಮಾತ್ರ ಅದೇ ಜಾಗದಲ್ಲಿತ್ತು.

“ನನ್ನ ಕುಂಕುಮ ನೋಡು” ಎಂದ ಲೋಕನಾಥ.

“ಅದು ಲಿಪ್‌ಸ್ಟಿಕ್ ಮಾರಾಯ್ರೆ” ಎಂದಳು ಹೆಂಡತಿ ಉಮಾವತಿ.

ಮರುದಿನ, ಟೀವಿ ನೋಡಿದ್ದ ಮಾಲೀಕ ತನ್ನ ಹಳೆಯ ಅಕಾರ್ಡಿಯನ್ ತಂದು ಮೇಜಿನ ಮೇಲಿಟ್ಟ. “ಇದಕ್ಕೂ ಒಂದು ಹಚ್ಚು.”