ಬಾವಿಯ ತಳದ ಗಾಳಿ

ಅಣ್ಣ ಸಾಯುವ ಹಿಂದಿನ ಸಂಜೆ ನಾನು ಅಂಗಳದಲ್ಲಿ ಕೂತು ವಾಯುಮಂಡಲದ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ತೊಂಬತ್ತರ ದಶಕ, ಘಾಟಬೋರಾಳದಿಂದ ಹುಮನಾಬಾದಿನ ಹೈಸ್ಕೂಲಿಗೆ ಹೋಗುತ್ತಿದ್ದೆ. ಗಾಳಿಯಲ್ಲಿ ಮುಕ್ಕಾಲಿಗೂ ಹೆಚ್ಚು ಸಾರಜನಕ, ಐದನೇ ಒಂದು ಪಾಲು ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಚೂರೇ ಚೂರು.

"ಕಣ್ಣಿಗೆ ಕಾಣ್ಲಾರದ್ದಕ್ಕ ಇಷ್ಟುದ್ದ ಪಾಠ ಏನವ್ವಾ?" ಅಂದ ಅಣ್ಣ, ಕೈಕಾಲು ತೊಳೆಯುತ್ತ.

"ನೀ ಬಾವಿಗಿಳಿಯೂ ಮುಂದ ಕಂದೀಲು ಬಿಡ್ತಿಯಲ್ಲ, ಅದೂ ಇದs ಪಾಠ."

"ಹಂಗಾರ ನಾನೂ ಮ್ಯಾಟ್ರಿಕ್ ಪಾಸಾದಂಗ," ಎಂದು ನಕ್ಕ.

ಅಣ್ಣ ಬಾವಿಯ ಹೂಳು ತೆಗೆಯುತ್ತಿದ್ದ. ಇಳಿಯುವ ಮೊದಲು ಹಗ್ಗಕ್ಕೆ ಉರಿಯುವ ಕಂದೀಲು ಕಟ್ಟಿ ತಳದವರೆಗೆ ಬಿಡುವುದು ಅವರೆಲ್ಲರ ಪದ್ಧತಿ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ.

ಮರುದಿನ ಊರ ಸಾವಕಾರನ ಹಳೆಯ ಬಾವಿಗೆ ಬುತ್ತಿ ಒಯ್ದೆ. ಅವನ ಮಗಳ ಮದುವೆ ಹತ್ತಿರವಿತ್ತು. ಆಗಷ್ಟೇ ಗಂಗೆಯ ಪೂಜೆ ಮುಗಿದು ಬಾವಿಯ ಕಟ್ಟೆಗೆ ಕುಂಕುಮ ಹಚ್ಚಿದ್ದರು. ಅಣ್ಣ ಕಂದೀಲು ಹಚ್ಚಿದ.

"ಪೂಜಿ ಆದ ಮ್ಯಾಲ ಬಾವ್ಯಾಗ ದೀಪ ಆರಿದ್ರ ಮನಿಗೆ ಅಪಶಕುನ. ಅದನ್ನ ಆ ಕಡಿ ಇಡು," ಅಂದ ಸಾವಕಾರ.

"ಗಾಳಿ ನೋಡ್ದೆ ಹ್ಯಾಂಗ ಇಳೀಲಿರಿ?"

"ಗಂಡಸ ಅದೀ ಇಲ್ಲೋ? ಬ್ಯಾರೆಯವ್ರನ್ನ ಕರೀಲೇನು?"

ಅಣ್ಣ ಇಳಿದ. ಒಮ್ಮೆ ಮೇಲೆ ನೋಡಿದ, ಆಮೇಲೆ ಕುಸಿದ.

ಪಾಠದಲ್ಲಿ ಪದರಗಳನ್ನೆಲ್ಲ ನೆಲದಿಂದ ಮೇಲಕ್ಕೆ ಎಣಿಸಿದ್ದರು: ಮೋಡ ಮಳೆಯ ಪದರ, ಅದರ ಮೇಲೆ ಬಿಸಿಲಿನ ವಿಷ ತಡೆಯುವ ಓಝೋನ್, ಇನ್ನೂ ಮೇಲೆ ಉಲ್ಕೆಗಳು ಉರಿದುಹೋಗುವ ಪದರ. ಕೊಳೆತ ಎಲೆಯಿಂದ ಎದ್ದ ಭಾರದ ಗಾಳಿ ನೆಲದ ಕೆಳಗೂ ಒಂದು ಪದರವಾಗಿ ಕೂತಿರುತ್ತದೆಂದು ಅಲ್ಲಿ ಬರೆದಿರಲಿಲ್ಲ. ಆ ಚೂರೇ ಚೂರು ಅನಿಲ ನಮ್ಮ ಮನೆಯ ದುಡಿಯುವ ಕೈ ತಿಂದಿತು.

ಸಂಜೆಯೊಳಗೆ ಸಾವಕಾರ ಊರೆಲ್ಲ ಹೇಳಿದ್ದ: "ಕುಡ್ದು ಇಳದಿದ್ದ." ಅಣ್ಣ ಹನಿ ಮುಟ್ಟಿದವನಲ್ಲ. ಅಲ್ಲಿದ್ದ ಆಳುಗಳು ಸಾವಕಾರನ ಅನ್ನ ಉಂಡವರು, ಬಾಯಿ ಬಿಡಲಿಲ್ಲ. ನನ್ನ ಮಾತನ್ನು ಹುಡುಗಿಯ ಅಳು ಅಂದರು.

ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದರೂ ನಾನು ಬಿಡಲಿಲ್ಲ. ಸಾವಕಾರ ಅದೇ ಬಾವಿಯ ಹೂಳು ತೆಗೆಸಲು ಬೇಮಳಖೇಡದವರನ್ನು ಗೊತ್ತು ಮಾಡಿದನೆಂದು ತಿಳಿದಾಗ ಬಸ್ಸು ಹತ್ತಿ ಹೋಗಿ, ಅವರ ಹೆಂಗಸರ ಪಕ್ಕ ಕೂತು ನಡೆದದ್ದೆಲ್ಲ ಹೇಳಿದೆ. ಅವರು ಬರಲಿಲ್ಲ. ಬೇರೆ ಊರಿನವರನ್ನು ಕೇಳಿದ, ಅಲ್ಲಿಗೂ ಹೋದೆ. ಬಾವಿ ನಾರತೊಡಗಿತು. ಆ ಸುದ್ದಿ ಕೇಳಿದ ದಿನ ನಾನು ಹೋಳಿಗೆ ಮಾಡಿ ಉಂಡೆ.

ಕೊನೆಗೆ ಅವನೇ ನಮ್ಮ ಮನೆಗೆ ಬಂದ.

"ತಂಗಿ, ಹಳೇದ್ಯಾಕ ಕೆದರಾಕತ್ತಿ?"

"ಹಣಮಪ್ಪನ ಗುಡಿ ಕಟ್ಟಿ ಮ್ಯಾಲ ನಿಂತು, ಅಂವ ಕುಡದಿರ್ಲಿಲ್ಲ, ಕಂದೀಲು ಬ್ಯಾಡಂದಾಂವ ನಾನs ಅನ್ರಿ. ನಾಳೆನೇ ಆಳು ಬರ್ತಾರ."

"ಅಂದ್ರ ಸತ್ತಾಂವ ತಿರುಗಿ ಬರ್ತಾನೇನು?"

"ಇಲ್ರಿ. ಅವನ ಮರ್ಯಾದಿ ಬರ್ತದ."

ಚಹಾ ಮುಟ್ಟದೆ ಎದ್ದು ಹೋದ. ಬಾವಿಗೆ ಮಣ್ಣು ತುಂಬಿಸಿ ಬೋರು ಹಾಕಿಸಿದ.

ಈಗ ಅವನಿಗೆ ಉಬ್ಬಸ. ಮಾಣಿಕನಗರದಲ್ಲಿ ಅವನು ಆಟೋದಿಂದ ಇಳಿಯುವುದನ್ನು ಕಂಡೆ. ಬಾಯಿ ತೆರೆದು ಗಾಳಿ ಎಳೆಯುತ್ತಿದ್ದ. ಅಷ್ಟು ದೊಡ್ಡ ವಾಯುಮಂಡಲ ಅವನಿಗೆ ಸಾಲುತ್ತಿರಲಿಲ್ಲ. ನಾನು ಎದುರಿಗೇ ನಿಂತು ನೋಡಿದೆ, ಕರುಣೆ ಬರಲಿಲ್ಲ. ಅವನು ನನ್ನ ಗುರುತು ಹಿಡಿದ, ಮುಖ ತಿರುಗಿಸಿದ.

ಅಣ್ಣ ಕುಡಿದಿರಲಿಲ್ಲ ಎಂದು ಅವನು ಇನ್ನೂ ಹೇಳಿಲ್ಲ.