ಕರಿ ಮೈಯ ಬಾಸುಂಡೆ

ಆಗ ನನಗೆ ಐವತ್ತೊಂದು ವರ್ಷ. ಇದು ನಡೆದು ಹನ್ನೆರಡು ವರ್ಷವಾಯಿತು. ಎನ್. ಬೇಗೂರಿನ ಆಚೆ, ಕಾಡಂಚಿನ ನಮ್ಮ ಹಾಡಿಗೆ ನನ್ನ ಮಗಳು ಒಂದು ಮಧ್ಯಾಹ್ನ ಒಬ್ಬಳೇ ಬಂದಳು. ಏಳು ತಿಂಗಳ ಬಸುರಿ. ಬಸ್ಸಿಳಿದು ನಡೆದೇ ಬಂದಿದ್ದಳು. ಎಡಗಾಲು ಎಳೆಯುತ್ತಿತ್ತು. ನಾನು ನೀರು ಕೊಟ್ಟೆ. ಅರ್ಧ ಕುಡಿದು ಅಲ್ಲೇ ಕಕ್ಕಿದಳು.

ನಾವಿಬ್ಬರೂ ಎಣ್ಣೆಗಪ್ಪು. ನಮ್ಮ ಹಾಡಿಯಲ್ಲಿ ಯಾರೂ ಬೆಳ್ಳಗಿಲ್ಲ, ಆದರೂ ನಮ್ಮನ್ನು ಕಂಡರೆ ಅವರಿಗೂ ನಗು. ಕಪ್ಪು ಹೆಂಗಸು ಅಂದರೆ ಬಂಡೆ ಅಂತ ಎಲ್ಲರೂ ತಿಳಿದಿದ್ದಾರೆ. ಅವಳಿಗೆ ಬಿಸಿಲು ತಾಗುವುದಿಲ್ಲ, ಸುಸ್ತಾಗುವುದಿಲ್ಲ ಅನ್ನುತ್ತಾರೆ. ಕೊಡಗಿನ ತೋಟದಲ್ಲಿ ಮೇಸ್ತ್ರಿ ದೊಡ್ಡ ಮೂಟೆಯನ್ನು ಹುಡುಕಿ ನನ್ನ ತಲೆಗೇ ಹೊರಿಸುತ್ತಿದ್ದ. ಈ ಮಗಳನ್ನು ಹೆರುವಾಗ ನಾನು ಕೂಗಿಕೊಂಡಿದ್ದಕ್ಕೆ ಆಸ್ಪತ್ರೆಯ ಆಯಾ ತೊಡೆಗೆ ಬಾರಿಸಿದಳು. "ನಿಮ್ಮಂಥೋರು ಕಾಡ್ನಾಗೇ ಈದು ಎದ್ದೋಯ್ತೀರಿ, ಇಲ್ಲೇನು ನಾಟ್ಕ?" ಅಂದಳು. ಅತ್ತರೆ ನಾಟಕ ಅನ್ನುತ್ತಾರೆ, ಅಳದಿದ್ದರೆ ಇನ್ನೊಂದು ಮೂಟೆ ಹೊರಿಸುತ್ತಾರೆ.

ಅಳಿಯ ಕೆಂಪಗಿದ್ದ. ಪಿರಿಯಾಪಟ್ಟಣದ ಕಡೆಯ ಹಾಡಿಯವನು. ಅಂಥವನು ನಮ್ಮ ಹುಡುಗಿಯನ್ನು ಒಪ್ಪಿದ್ದೇ ಹೆಚ್ಚು, ಇನ್ನು ಅವಳು ಬಾಯಿ ಮುಚ್ಚಿಕೊಂಡು ಬಾಳಬೇಕು ಅನ್ನುವವರೇ ಎಲ್ಲ. ಗಂಡ ಹೆಂಡತಿ ಇಬ್ಬರೂ ಅಲ್ಲಿ ಜಮೀನುದಾರನೊಬ್ಬನ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ದುಡಿಯುತ್ತಿದ್ದರು. ಹಸಿ ಎಲೆಯನ್ನು ಕೋಲುಗಳಿಗೆ ಕಟ್ಟಿ, ಆ ಎತ್ತರದ ಮನೆಯೊಳಗೆ ಸಾಲಾಗಿ ನೇತುಹಾಕಿ, ಹೊರಗಿನಿಂದ ಬೆಂಕಿ ಕೊಟ್ಟು ಹದ ಮಾಡುತ್ತಾರೆ. ಕಾವು ಏರಿದರೆ ಎಲೆ ಕರ್ರಗಾಗಿ ಕೆಡುತ್ತದೆ. ಬೆಂಕಿ ಕಾಯುವುದು ಅಳಿಯನ ಕೆಲಸ. ಮಗಳು ನಮ್ಮಲ್ಲಿಗೆ ಬರುವ ಹಿಂದಿನ ದಿನ ಬೆಂಕಿ ಕಾಯಲು ಇವಳನ್ನು ಕೂರಿಸಿ ಅವನು ಕುಡಿಯಲು ಹೋದ. ಇವಳು ಬೆಳಗಿನಿಂದ ಒದ್ದೆ ಎಲೆ ಕಟ್ಟಿದ್ದಳು. ಆ ರಸ ಮೈಗೆ ಹತ್ತಿದರೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಬದುವಿನ ಮೇಲೆ ವಾಂತಿ ಮಾಡಿ ಅಲ್ಲೇ ಕುಸಿದಳು. ಅಷ್ಟರಲ್ಲಿ ಬೆಂಕಿ ಏರಿ ಎಲೆ ಕೆಟ್ಟಿತು. ಗಂಡ ಬಂದವನೇ ಎಲೆ ಕಟ್ಟುವ ಕೋಲು ತೆಗೆದುಕೊಂಡು ಬೆನ್ನಿಗೆ, ತೊಡೆಗೆ ಹೊಡೆದ. ಕೋಲು ಮುರಿದ ಮೇಲೆ ಸೊಂಟಕ್ಕೆ ಒದ್ದ. ಅವಳು ಹೊಟ್ಟೆ ಮುಚ್ಚಿಕೊಂಡು ಮಗ್ಗುಲಾಗಿ ಬಿದ್ದಿದ್ದಳಂತೆ.

"ಅವ್ವಾ, ತಿರ್ಗಾ ಅಲ್ಲಿಗೆ ಕಳುಸ್ಬ್ಯಾಡ. ಈ ಸಲ ಸಾಯಿಸ್ಬುಡ್ತಾನೆ" ಅಂದಳು.

ಅದು ನನ್ನೊಬ್ಬಳ ಕೈಯಲ್ಲಿರಲಿಲ್ಲ. ಹಾಡಿಯಲ್ಲಿ ಒಂದು ಕಟ್ಟು ಇತ್ತು. ಗಂಡ ಹೊಡೆದ ಅಂತ ಬಂದವಳ ಮೈಯನ್ನು ಹಿರಿಯ ಹೆಂಗಸರು ಗುಡಿಸಲೊಳಗೆ ನೋಡಿ, ಹೊರಗೆ ಬಂದು ನ್ಯಾಯಕ್ಕೆ ಹೇಳಬೇಕು. ಬಾಸುಂಡೆ ಕಂಡರೆ ತವರಲ್ಲಿ ಉಳಿಯಬಹುದು. ಕಾಣದಿದ್ದರೆ ಗಂಡನ ಹಿಂದೆ ಹೋಗಬೇಕು.

ಅಳಿಯ ಬಂದ ದಿನ ನ್ಯಾಯ ಕೂತಿತು. ನ್ಯಾಯ ಹೇಳುವ ಯಜಮಾನ ನನಗೆ ಮೈದುನನಾಗಬೇಕು. ಹೆಂಗಸರು ಒಳಗೆ ಬಂದು ಮಗಳ ಸೀರೆ ಸರಿಸಿದರು. ಬೆನ್ನೆಲ್ಲಾ ಊದಿತ್ತು. ಅವರಲ್ಲಿ ದೊಡ್ಡವಳ ಕೈ ಹಿಡಿದು ಊದಿದ ಕಡೆ ಇಟ್ಟೆ.

"ಮುಟ್ಟಿ ನೋಡಕ್ಕ. ಅಂಚಿನಂಗೆ ಸುಡ್ತಾ ಅದೆ."

ಅವಳು ಕೈ ಕಿತ್ತುಕೊಂಡಳು. "ಕಣ್ಣಲ್ ನೋಡೋದು ಕಣವ್ವಾ ಕಟ್ಟು. ಮುಟ್ಟಿ ನೋಡಿ ಅಂತ ಯಾರೂ ಯೋಳಿಲ್ಲ."

ಹೊರಗೆ ಬಂದು ಯಜಮಾನನಿಗೆ ಹೇಳಿದಳು. "ನೋಡುದ್ವು ಕಣಣ್ಣ. ಕೆಂಪೂ ಇಲ್ಲ, ನೀಲೀನೂ ಇಲ್ಲ. ಕರೀ ಮೈ, ಏನೂ ಕಾಣಾಕಿಲ್ಲ."

ಯಜಮಾನ ಅಳಿಯನನ್ನು ಕೇಳಿದ. "ಒಡುದ್ಯೇನ್ಲಾ?"

"ಒಂದೆಲ್ಡು ಏಟು ಒಡ್ದೆ ಮಾವ, ಸುಳ್ಯಾಕೆ. ಎಮ್ಮೆಯಂಗವ್ಳೆ, ಅವ್ಳಿಗೇನಾದದು? ಎಲೆ ಪೂರಾ ಅವ್ಳ ಬಣ್ಣಕ್ಕೆ ತಿರುಗ್ಬುಡ್ತು, ಅದುನ್ನ ಯಾರು ಕೇಳಾರು?"

ಕೂತಿದ್ದವರು ನಕ್ಕರು. ಹೆಂಗಸರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಎಲ್ಲವೂ ಕೇಳಿಸಿತು.

ನಾನು ಬೇಲಿಯಿಂದ ಒಂದು ಗಳ ಕಿತ್ತೆ. ಅಳಿಯ ಬನಿಯನ್ನಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಹಿಂದಿನಿಂದ ಭುಜಕ್ಕೆ ಬಾರಿಸಿದೆ. ಎದ್ದು ತಿರುಗಿದ, ತೋಳಿಗೆ ಬಾರಿಸಿದೆ. ಬಿದ್ದ. ಬಿದ್ದ ಮೇಲೂ ಬೆನ್ನಿಗೆ ಹೊಡೆದೆ. ಹೊಡೆದಾಗ ನನಗೆ ಸಂಕಟವಾಗಲಿಲ್ಲ, ಸಂತೋಷವೂ ಆಗಲಿಲ್ಲ. ಹುಣಸೆ ಉದುರಿಸಿದ ಹಾಗೆ ಹೊಡೆದೆ. ಗಂಡಸರು ಬಂದು ನನ್ನ ಎರಡೂ ಕೈ ಹಿಡಿದು ಎಳೆದರು.

"ಅತ್ತಿಗೇ! ಗಳ ಬುಡು! ತಲೆಗಿಲೆ ಕೆಟ್ಟದಾ?" ಅಂತ ಯಜಮಾನ ಕೂಗಿದ.

ಅಳಿಯನ ಬನಿಯನ್ ಹರಿದಿತ್ತು. ಕೆಂಪು ಮೈಮೇಲೆ ಬಾಸುಂಡೆ ಬೆರಳು ಗಾತ್ರ ಎದ್ದು ನಿಂತಿದ್ದವು.

"ಈಗ ಕಾಣ್ತದಾ ನಿಮ್ಮ ಕಣ್ಗೆ?" ಅಂದೆ. "ಇದು ನಾನು, ಮುದುಕಿ, ಒಡೆದಿರಾದು. ಅವಳ್ಗೆ ಒಡೆದೋನು ಗಂಡಸು. ಬಂದು ಎಲ್ರೂ ಮುಟ್ಟಿ ನೋಡಿ."

ಯಾರೂ ಮುಟ್ಟಿ ನೋಡಲಿಲ್ಲ. ಒಳಗೆ ಬಂದಿದ್ದ ಆ ದೊಡ್ಡವಳು ಮಾತ್ರ ಹೋಗಿ ಅಳಿಯನ ಬೆನ್ನಿಗೆ ಅರಿಶಿನ ಮೆತ್ತಿದಳು. ನನ್ನ ಮಗಳಿಗೆ ಅದನ್ನು ಯಾರೂ ಮೆತ್ತಿರಲಿಲ್ಲ.

ಯಜಮಾನ ನ್ಯಾಯ ಹೇಳಿದ. ಅವನು ಹೊಡೆದ, ಇವಳು ಹೊಡೆದಳು, ಅಲ್ಲಿಗೆ ಸರಿಹೋಯಿತು. ಬೆಳಿಗ್ಗೆ ಬಂದು ಹೆಂಡತಿಯನ್ನು ಕರೆದುಕೊಂಡು ಹೋಗಲಿ ಅಂದ. ನನ್ನ ಮೂರು ಏಟು, ಅವನ ಅಷ್ಟೂ ಏಟಿಗೆ, ಒದೆಗೆ ಸಮ. ನಾನು ಗಳವನ್ನು ಅಲ್ಲೇ ಎಸೆದು ಒಳಗೆ ಹೋಗಿ ಎಣ್ಣೆ ಕಾಯಿಸಿ ಮಗಳ ಬೆನ್ನಿಗೆ ಹಚ್ಚಿದೆ. ಕೈ ಇಟ್ಟಲ್ಲೆಲ್ಲ ಹಲ್ಲು ಕಚ್ಚಿದಳು. "ಅಳು" ಅಂದೆ. ಮೊದಲು ಅವಳಿಗೆ ಬರಲಿಲ್ಲ. ಆಮೇಲೆ ಹಾಡಿಗೆಲ್ಲ ಕೇಳುವಂತೆ ಅತ್ತಳು.

ಮರುದಿನ ಬೆಳಿಗ್ಗೆ ಅಳಿಯ ತನ್ನ ಕಡೆಯವರಿಬ್ಬರನ್ನು ಕರೆದುಕೊಂಡು ಬಂದ. ನಾನು ಬಾಗಿಲಿಗೆ ಅಡ್ಡ ಕೂತು ಕಲ್ಲಿನ ಮೇಲೆ ಮಚ್ಚು ಮಸೆಯುತ್ತಿದ್ದೆ.

"ಅವ್ಳನ್ನ ಕಳ್ಸತ್ತೆ" ಅಂದ.

"ಮನಗವ್ಳೆ."

"ಒತ್ತುಟ್ಟಿ ಇಷ್ಟೊತ್ತಾಯ್ತು, ಇನ್ನೂ ಮನಗವ್ಳಾ?"

"ಊಂ, ಮನಗವ್ಳೆ. ಇನ್ನೂ ಮನಗ್ತಾಳೆ."

ಅವರು ಬೇಲಿಯ ಆಚೆ ನಿಂತರು. ನಾನು ಕಲ್ಲಿಗೆ ನೀರು ಹಾಕಿಕೊಂಡು ಮಸೆಯುತ್ತಲೇ ಇದ್ದೆ. ಅವರು ಹೋದ ಮೇಲೆ ಎದ್ದು ಸೊಪ್ಪು ಹೆಚ್ಚಿ ಒಲೆ ಹೊತ್ತಿಸಿದೆ. ಅವಳನ್ನು ಎಬ್ಬಿಸಲಿಲ್ಲ.